ಸಿಮೆಂಟಿನ ಹೊಗೆಯ ಸೋಡಾ

ಗೋಡೆಯ ಗೂಡು ಸ್ವಚ್ಛ ಮಾಡುವಾಗ ಸೋಡಾ ಬಾಟಲಿಯ ಗೋಲಿ ಒತ್ತುವ ಕಟ್ಟಿಗೆ ತುಂಡು ಕೈಗೆ ಸಿಕ್ಕಿತು. ಮೂಸಿ ನೋಡಿದೆ. ಇನ್ನೂ ನಿಂಬೆಯ ವಾಸನೆ… ಇಲ್ಲವೇ ನನ್ನ ಮೂಗಿಗೇ ವಯಸ್ಸಾಗಿದೆ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಸೋಡಾ ಚಾಚಾನ ಅಂಗಡಿಯಿತ್ತು. ನಾನು ಕಮಲಾಪುರದಿಂದ ದಿನಾ ಬಸ್ಸಿಗೆ ಬಂದು ಬಾಟಲಿ ತೊಳೆಯುತ್ತಿದ್ದೆ. ಮನುಷ್ಯ ಒಳ್ಳೆಯವರೇ. ಬಾಯಿ ಮಾತ್ರ ಅವರ ಸೋಡಾದ ಹಾಗೆ, ತೆರೆದರೆ ನಿಲ್ಲುತ್ತಿರಲಿಲ್ಲ.

ಒಂದು ವರ್ಷ ದರ್ಗಾದ ಉರುಸಿಗೆ ಎರಡೇ ದಿನ ಇತ್ತು, ಸೋಡಾಕ್ಕೆ ತುಂಬುವ ಗ್ಯಾಸ್ ಸಿಲಿಂಡರ್ ಬರಲಿಲ್ಲ. ಗ್ಯಾಸಿಲ್ಲದಿದ್ದರೆ ಗೋಲಿ ಕೂಡ ಬಾಟಲಿಯ ಬಾಯಿಗೆ ನಿಲ್ಲುವುದಿಲ್ಲ. ಉರುಸಿನ ವ್ಯಾಪಾರ ತಪ್ಪಿದರೆ ಅಂಗಡಿ ಮುಚ್ಚುವುದೇ ಗತಿ. ಆಗ ಚಾಚಾನಿಗೆ, ಸೋಡಾ ಕುಡಿಯಲು ಬರುತ್ತಿದ್ದ ಸಿಮೆಂಟ್ ಫ್ಯಾಕ್ಟರಿಯ ಸಾಹೇಬರ ಮಾತು ನೆನಪಾಯಿತು: ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನೊಳಗಿಂದ ಇದೇ ಗ್ಯಾಸ್ ಹೊರಟು ಚಿಮಣಿಯಿಂದ ಮೇಲೆ ಹೋಗುತ್ತದೆ.

"ಮುಫತ್ ಹಾರಿ ಹೋಗ್ಲಾಕತ್ತದ ಬೇಟಿ! ನಡಿ, ತುಂಬ್ಕೊಂಡ್ ಬರೂಣು."

ಟಂಟಂ ಆಟೋದಲ್ಲಿ ಖಾಲಿ ಸಿಲಿಂಡರ್, ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಸಾಹೇಬರಿಗೆಂದು ಕಮಲಾಪುರದ ಕೆಂಪು ಬಾಳೆ. ಗೇಟಿನವನು "ಏನ್ ತಂದೀರಿ?" ಅಂದ. "ತಂದಿಲ್ಲೋ, ಒಯ್ಲಾಕ ಬಂದೀವಿ" ಅಂದರು ಚಾಚಾ.

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಚಾಚಾ, ಆ ಹೊಗಿ ಅಂದ್ರ ಸಂತಿ ಇದ್ದಂಗ, ಎಲ್ಲಾ ಕಲಸಿರ್ತದ. ನಿಮ್ಮ ಗ್ಯಾಸ್ ಅಷ್ಟೇ ಹಿಡಿದು, ತೊಳೆದು, ಒತ್ತಿ ತುಂಬಬೇಕಂದ್ರ ಇನ್ನೊಂದ್ ಫ್ಯಾಕ್ಟರಿನೇ ಕಟ್ಟಬೇಕು. ಅದಕ್ಕ ಮತ್ತ ಕಲ್ಲಿದ್ದಲು ಸುಡಬೇಕು. ಸಿಮೆಂಟ್ ಚೀಲದ ರೇಟ್ ಏರ್ತದ. ಬಾಜೂ ಫ್ಯಾಕ್ಟರಿಯವ್ರು ಹಿಡೀದೆ ಬಿಟ್ರ, ನಮ್ಮ ಚೀಲ ಯಾರ್ ತಗೋತಾರ್ರೀ?"

"ಹಿಡಿದು ನಂಗ ಮಾರ್ರಿ ಸಾಬ್!"

"ಇಡೀ ಜಿಲ್ಲಾ ಸೋಡಾ ಕುಡಿದ್ರೂ ಮುಗ್ಯಾಂಗಿಲ್ಲ ಚಾಚಾ."

ನನಗೆ ತಡೆಯಲಾಗಲಿಲ್ಲ. "ಕುಡಿದವ್ರು ತೇಗಿದ್ರ ಮತ್ತ ಮ್ಯಾಲೇ ಹೋಗ್ತದಲ್ರೀ?" ಅಂದೆ.

ಸಾಹೇಬರ ನಗು ನಿಂತಿತು. "ಖರೇ ಅದ ನೋಡವ್ವ. ಹಿಡಿದಿದ್ದು ಎಲ್ಲಿ ಇಡೋದು, ಅದೂ ಖರ್ಚೇ" ಎಂದು ಬಾಳೆಹಣ್ಣು ಸುಲಿದರು.

ಖಾಲಿ ಸಿಲಿಂಡರ್ ಖಾಲಿಯೇ ಮರಳಿತು. ಉರುಸಿನಲ್ಲಿ ಚಾಚಾ ನಿಂಬೆ ಶರಬತ್ತು ಗ್ಲಾಸಿಗೆ ಹಾಕಿ, "ತೇಗ್ ಬರಂಗಿಲ್ಲ, ಹೊಗಿ ಬಿಡಂಗಿಲ್ಲ, ಬರ್ರಿ!" ಎಂದು ಕೂಗಿದರು. ಜನ ಮುಗಿಬಿದ್ದರು. ನಿಂಬೆ ಹಿಂಡಿ ಹಿಂಡಿ ನನ್ನ ಬೆರಳು ಉರಿದವು, ಅಂಗಡಿ ಉಳಿಯಿತು. ಆಮೇಲೆ ಸಿಲಿಂಡರ್ ಬಂತು, ಸೋಡಾನೂ ಶುರುವಾಯಿತು. ಅಂದಿನಿಂದ ಅಂಗಡಿಯಲ್ಲಿ ಯಾರು ತೇಗಿದರೂ ಚಾಚಾ ಮೇಲೆ ಕೈ ತೋರಿಸಿ, "ಹೋಯ್ತ್ ನೋಡ್ರಿ, ಹಿಡೀರಿ!" ಅನ್ನುತ್ತಿದ್ದರು.

ಚಾಚಾ ತೀರಿಹೋಗಿ ವರ್ಷಗಳಾದವು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮೊನ್ನೆ ಮೊಮ್ಮಗಳು ಪೇಪರ್ ಓದಿ ಹೇಳಿದಳು: ಸಿಮೆಂಟಿನ ಹೊಗೆ ಹಿಡಿದು ನೆಲದೊಳಗೆ ಹೂಳುವ ಮಾತು ನಡೆದಿದೆಯಂತೆ, ಖರ್ಚು ಯಾರದೆಂದು ಇನ್ನೂ ಬಗೆಹರಿದಿಲ್ಲವಂತೆ. ಚಾಚಾ ಇದ್ದಿದ್ದರೆ ಆಗಲೇ ಟಂಟಂ ಕರೆಯುತ್ತಿದ್ದರು…

ಸಂತೆಯಿಂದ ಒಂದು ಗೋಲಿ ಸೋಡಾ ತರಿಸಿ, ಅದೇ ಕಟ್ಟಿಗೆ ತುಂಡಿನಿಂದ ಒತ್ತಿ ಕುಡಿದೆ. ದೊಡ್ಡದೊಂದು ತೇಗು ಬಂತು. 'ಹಿಡೀರಿ' ಅನ್ನುವವರು ಇರಲಿಲ್ಲ. ಬಿಟ್ಟೆ, ಹೋಯಿತು.