ಹನ್ನೆರಡು ಮೊನೆಯ ನಕ್ಷತ್ರ

ಹೊಳೆನರಸೀಪುರದ ಪೇಟೆ ಮಸೀದಿಯ ಮೂರು ಕಿಟಕಿಗಳಿಗೆ ಗಾರೆಯಲ್ಲಿ ನಕ್ಷತ್ರದ ಜಾಲಂದ್ರ ಕೊರೆಯುವ ಕೆಲಸವನ್ನು 1936ರಲ್ಲಿ ಗಾರೆ ಮಂಚಯ್ಯ ಮೀಸೆ ತಿರುವಿ ಒಪ್ಪಿಕೊಂಡ. ಒಂದಕ್ಕೆ ಆರು ಮೊನೆಯ ನಕ್ಷತ್ರಗಳನ್ನು ಒಂದಕ್ಕೊಂದು ಹೆಣೆದ ಜಾಲ, ಇನ್ನೊಂದಕ್ಕೆ ಎಂಟು, ಮೂರನೆಯದಕ್ಕೆ ಹನ್ನೆರಡು. ಮಸೀದಿಯ ಯಜಮಾನ ಬುಡೇನ್ ಸಾಬರ ಆಸೆ ಅದು. ಮೊಳೆ, ದಾರ ಹಿಡಿದು ಮಂಚಯ್ಯ ಒಂದು ನಕ್ಷತ್ರವನ್ನೇನೋ ಬರೆದ. ಪಕ್ಕದ್ದು ಅದಕ್ಕೆ ಹೊಂದಲೇ ಇಲ್ಲ.

ಹೊಂದಿಸಿದವಳು ಹೆಂಡತಿ ನೀಲಾಂಬಿಕೆ. ಬಾಗಿಲ ಮುಂದೆ ರಂಗೋಲಿ ಚುಕ್ಕಿಯಿಟ್ಟು ಎಳೆ ಎಳೆದಳು ನೋಡಿ, ಒಂದರ ಮೊನೆ ಇನ್ನೊಂದರ ಸಂದಿಗೆ ಹೋಗಿ ಕೂತಿತು. ಮಂಚಯ್ಯ ಅದನ್ನು ಹಲಗೆಗೆ ಇಳಿಸಿಕೊಂಡ. ಹೆಂಡತಿ ಕಲಿಸಿದಳೆಂದು ಊರಿಗೆ ಹೇಳುವಷ್ಟು ದೊಡ್ಡ ಮನಸ್ಸು ಆ ಮಹಾರಾಯನಿಗೆಲ್ಲಿ? ಬುಡೇನ್ ಸಾಬರೊಬ್ಬರಿಗೆ ಹೇಳಿದ್ದ. ಹೀಗೆ ಎರಡು ಕಿಟಕಿ ಮುಗಿದವು.

ಹನ್ನೆರಡು ಮೊನೆಯದು ತಿಂಗಳು ಸತಾಯಿಸಿ, ಒಂದು ಬೆಳಿಗ್ಗೆ ಕೂಡಿಬಂತು.

"ಒಸಿ ನೋಡ್ಬನ್ನಿ, ಬಂದ್ಬುಡ್ತು!" ಎಂದು ನೀಲಾಂಬಿಕೆ ರಂಗೋಲಿಯ ಮುಂದಿನಿಂದ ಕೂಗಿದಳು.

ಗಾಡಿ ಹೂಡುತ್ತಿದ್ದ ಮಂಚಯ್ಯ ತಿರುಗಿಯೂ ನೋಡಲಿಲ್ಲ. "ಸುಣ್ಣ ತಕ್ಕಂಡು ಬತ್ತೀನಿ, ಸಂಜೆ ನೋಡಾನ. ಯಾರೂ ತುಳೀದಂಗೆ ನೋಡ್ಕೊ ಕಣೆ."

ಹಳೇಕೋಟೆಯ ಇಳಿಜಾರಿನಲ್ಲಿ ಗಾಡಿ ಮಗುಚಿತು. ಅವನ ಹೆಣ ಹೊತ್ತು ತಂದವರು ಆ ರಂಗೋಲಿಯ ಮೇಲೇ ನಡೆದು ಒಳಗೆ ಬಂದರು.

ವಿಧವೆ ರಂಗೋಲಿ ಮುಟ್ಟಬಾರದು. ಅತ್ತೆ ಬಸವಲಿಂಗಮ್ಮ ರಂಗೋಲಿ ಬಟ್ಟಲನ್ನು ಎತ್ತಿಟ್ಟಳು. ಮೂರು ತಿಂಗಳಾದ ಮೇಲೆ ಬುಡೇನ್ ಸಾಬರು ಬಂದು, "ಒಂದ್ ಸಲ ಬರ್ದುಕೊಡವ್ವ, ಬೇರೆ ಗಾರೆಯವನು ಕೊರೀತಾನೆ" ಎಂದು ಬೇಡಿದರು.

"ನನ್ ಕೈ ಈಗ ಒಳ್ಳೇದಲ್ಲ ಸಾಬ್ರೆ. ದೇವ್ರ ಮನೆಗೆ ಬ್ಯಾಡ."

"ನಮ್ಮಲ್ಲಿ ಆ ಲೆಕ್ಕ ಇಲ್ಲವ್ವ."

ಅವಳು ಒಪ್ಪಲಿಲ್ಲ. ಅತ್ತೆ ತಡೆದಳೆಂದಲ್ಲ, ತನ್ನ ಕೈ ಕೆಟ್ಟದ್ದೆಂದು ಅವಳೇ ನಂಬಿದ್ದಳು. ಮೂರನೆಯ ಕಿಟಕಿಗೆ ಹಲಗೆ ಬಡಿದರು.

ಹತ್ತು ವರ್ಷ, ಸಂತೆಗೆ ಹೋಗುವಾಗೆಲ್ಲ ಆ ಹಲಗೆ ಕಣ್ಣಿಗೆ ಬಿದ್ದು ಬಿದ್ದು, ಕೈ ಕೆಟ್ಟದ್ದೆಂಬ ಅವಳ ನಂಬಿಕೆ ಸವೆಯುತ್ತ ಬಂತು. ಅತ್ತೆ ತೀರಿಕೊಂಡ ವರ್ಷ ನೀಲಾಂಬಿಕೆ ತಾನಾಗಿಯೇ ಮಸೀದಿಯ ಬಾಗಿಲಿಗೆ ಹೋಗಿ, "ಬರ್ಕೊಡ್ತೀನಿ ಸಾಬ್ರೆ" ಎಂದಳು. ಮುದುಕರಾಗಿದ್ದ ಬುಡೇನ್ ಸಾಬರು ತಾವೇ ಅಂಗಳ ಗುಡಿಸಿ, ರಂಗೋಲಿ ಪುಡಿ ತರಿಸಿಕೊಟ್ಟರು.

ಹತ್ತು ವರ್ಷ ಪುಡಿ ಮುಟ್ಟದ ಕೈ. ಆದರೂ ಚುಕ್ಕಿಗಳು ನೆಟ್ಟಗೆ ಬಿದ್ದವು. ಹನ್ನೆರಡು ಮೊನೆಯ ನಕ್ಷತ್ರವೊಂದು ಬಂತು. ಪಕ್ಕದ್ದು ಅದಕ್ಕೆ ಹೊಂದಲಿಲ್ಲ. ಅಳಿಸಿ ಮತ್ತೆ ಎಳೆದಳು. ಬಿಸಿಲು ನೆತ್ತಿಗೇರುವ ತನಕ ಎಳೆದಳು. ಹೊಂದಲಿಲ್ಲ.

"ಇರ್ಲಿ ಬುಡವ್ವ" ಎಂದರು ಸಾಬರು.

ನೀಲಾಂಬಿಕೆ ಸೆರಗಿನಿಂದ ಎಲ್ಲವನ್ನೂ ಒರೆಸಿದಳು. "ಅವ್ರೂ ನೋಡ್ನಿಲ್ಲ, ನಂಗೂ ನೆಪ್ಪಿಲ್ಲ. ಅವತ್ತು ಬಂದಿತ್ತು ಅಂದ್ರೆ ಯಾರ್ ನಂಬ್ತಾರೆ ಸಾಬ್ರೆ?"