ಶಬಾನಾ ಮೇಡಂ ಇಟ್ಟ ಕಾರಣದ ಕಾಲಂ

ಶಬಾನಾ ಮೇಡಂ ಕಲಿಸಲು ನಿಂತರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾವು ತಪ್ಪು ಗುಂಡಿ ಒತ್ತಿದರೂ, ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೂ ಆ ಕೈ ಮುಂದೆ ಬರುತ್ತಿರಲಿಲ್ಲ. "ನಾನು ಒತ್ತಿದ್ರೆ ನಾನು ಕಲ್ತಂಗಾತು. ನೀವು ಒತ್ರಿ, ಕಂಪ್ಯೂಟರ್ ಏನ್ ಕಚ್ಚಲ್ಲ" ಎನ್ನುತ್ತಿದ್ದರು.

ಹರಿಹರದ ನಮ್ಮ ಗಾರ್ಮೆಂಟ್ಸಿನಲ್ಲಿ ಕಂಪ್ಯೂಟರ್ ಸೆಕ್ಷನ್ ಎಂದರೆ ಅವರೊಬ್ಬರೇ. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಊಟಕ್ಕೆ ಮಾತ್ರ ಆಫೀಸಿನವರನ್ನು ಬಿಟ್ಟು ನಮ್ಮಂಥ ಟೈಲರ್‌ಗಳ ಜೊತೆ ಕೂರುತ್ತಿದ್ದರು. ನನ್ನ ಡಬ್ಬಿಯ ರೊಟ್ಟಿ ಕೇಳದೆಯೇ ತೆಗೆದುಕೊಂಡು ತಮ್ಮ ಡಬ್ಬಿಯನ್ನು ನನ್ನತ್ತ ತಳ್ಳುತ್ತಿದ್ದರು.

ಅವರು ಬರುವ ಮೊದಲು ರಜೆ ಬೇಕೆಂದರೆ ಮ್ಯಾನೇಜರ್ ಕ್ಯಾಬಿನ್ ಮುಂದೆ ಕಾಯಬೇಕಿತ್ತು. ರಜೆ ಕೊಟ್ಟಿದ್ದು ಕಂಪನಿ. ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. "ಆಗಲ್ಲ, ಹೋಗು" ಎಂದರೆ ಮುಗಿಯಿತು. ಮೇಡಂ ಊಟದ ಹಾಲ್‌ನಲ್ಲಿ ನಮಗಾಗಿ ಒಂದು ಕಂಪ್ಯೂಟರ್ ಇಡಿಸಿದರು. ಎಷ್ಟು ರಜೆ ಉಳಿದಿದೆ ಎಂದು ನಾವೇ ನೋಡಬಹುದು, ನಾವೇ ಅರ್ಜಿ ಹಾಕಬಹುದು. ಜೊತೆಗೆ 'ಕಾರಣ' ಎಂಬ ಒಂದು ಕಾಲಂ ಇಟ್ಟರು. ಅದನ್ನು ತುಂಬಬೇಕಾದವರು ನಾವಲ್ಲ, ರಜೆ ಇಲ್ಲ ಎನ್ನುವ ಮ್ಯಾನೇಜರ್! ಅದನ್ನು ತುಂಬದೆ ಅವರ 'ಇಲ್ಲ' ಮುಂದೆ ಹೋಗುತ್ತಲೇ ಇರಲಿಲ್ಲ.

ಮ್ಯಾನೇಜರ್ ಏನು ಕಮ್ಮಿಯವರೇ? ಕಾಲಂನಲ್ಲಿ ಒಂದು ಚುಕ್ಕಿ ಒತ್ತಿ ಕಳಿಸತೊಡಗಿದರು. ನಮ್ಮ ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ನಾನು ಕೇಳಿದ ರಜೆಗೂ ಅದೇ ಚುಕ್ಕಿ ಬಂತು. ಅವರನ್ನು ಕರೆದುಕೊಂಡು ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಳುತ್ತಾ ಮೇಡಂ ಹತ್ತಿರ ಓಡಿದೆ. "ನೀವೇ ಒಂದ್ ಮಾತು ಹೇಳ್ರಿ ಮೇಡಂ" ಎಂದೆ.

"ನಾನು ಹೇಳಲ್ಲ ಮಂಜಕ್ಕ. ಈ ಚುಕ್ಕಿ ಅಂದ್ರೆ ಏನು ಅಂತ ನೀವೇ ಹೋಗಿ ಕೇಳ್ರಿ. ನಾನು ಪಕ್ಕದಾಗೆ ನಿಂತಿರ್ತೀನಿ."

ಈಕೆಯದೇನು ಕಲ್ಲು ಮನಸ್ಸೇ ಎಂದು ಕೋಪ ಬಂತು. ಆದರೂ ಹೋದೆ, ಮೇಡಂ ಜೊತೆಗೇ ಬಂದು ಪಕ್ಕದಲ್ಲಿ ನಿಂತರು. ಮ್ಯಾನೇಜರ್ ಹೊಲಿಗೆ ಲೈನಿನ ಮಧ್ಯೆ ನಿಂತಿದ್ದರು.

"ಸರ್, ನನ್ ರಜೆಗೆ ಚುಕ್ಕಿ ಬಂದೈತೆ. ಹಂಗಂದ್ರೆ ಏನ್ರಿ?"

ಮಷೀನುಗಳು ಒಂದೊಂದಾಗಿ ನಿಂತವು. "ನಂಗೂ ಚುಕ್ಕಿನೇ ಬಂದೈತೆ ಸರ್" ಎಂದಳು ಹಿಂದಿನಿಂದ ಒಬ್ಬಳು. ಆಮೇಲೆ ಇನ್ನೊಬ್ಬಳು. ಮ್ಯಾನೇಜರ್ ಸರಸರನೆ ಕ್ಯಾಬಿನ್ನಿಗೆ ಹೊರಟುಹೋದರು. ಆದರೆ ಸಂಜೆ ನನ್ನ ರಜೆ ಮಂಜೂರಾಗಿತ್ತು.

ಮರುದಿನವೇ ಆ ಕಾಲಂ ತೆಗೆಯಬೇಕೆಂದು ಮೇಡಂಗೆ ಹುಕುಂ ಆಯಿತು. "ತೆಗಿಯಂಗಿಲ್ಲ ಸರ್. ಇಲ್ಲ ಅನ್ನೋ ಹಕ್ಕು ನಿಮಗೈತೆ, ಯಾಕ ಅಂತ ಕೇಳೋ ಹಕ್ಕು ಅವ್ರಿಗೂ ಐತೆ" ಎಂದರಂತೆ. ಕಾಲಂ ಉಳಿಯಿತು, ಮೇಡಂ ಉಳಿಯಲಿಲ್ಲ. ವರ್ಷ ಮುಗಿದಾಗ ಅವರ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಅವರು ಹೋದ ದಿನ ನನಗೆ ಅನ್ನ ಇಳಿಯಲಿಲ್ಲ.

ಕೆಲವೇ ದಿನ ಕಳೆದಿತ್ತು. ಒಂದು ಬೆಳಿಗ್ಗೆ ನೋಡಿದರೆ ಕಾಲಂ ಮಾಯ! ಊಟವಾದ ಮೇಲೆ ನಾವ್ಯಾರೂ ಮಷೀನಿಗೆ ಮರಳಲಿಲ್ಲ. ಇಡೀ ಫ್ಲೋರ್ ಹೋಗಿ ಕ್ಯಾಬಿನ್ ಮುಂದೆ ನಿಂತಿತು. "ಅದನ್ನ ತೆಗ್ದಿದ್ದು ಯಾಕ್ರಿ ಸರ್?" ಎಂದು ಕೇಳಿದೆವು. ಬೈದರು, ಹೆದರಿಸಿದರು. ನಾವು ಕದಲಲಿಲ್ಲ. ಸಂಜೆಯೊಳಗೆ ಕಾಲಂ ವಾಪಸ್ ಬಂತು.

ಬಸ್ ಸ್ಟ್ಯಾಂಡಿಗೆ ಬಂದವಳೇ ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಯಾರು ಹೋಗಿ ಕೇಳಿದ್ರಿ?" ಎಂದರು.

"ಎಲ್ರೂ ಹೋಗಿದ್ವಿ ಮೇಡಂ. ನೀವು ಇರ್ಬೇಕಿತ್ತು ನೋಡ್ರಿ..." ಎನ್ನುತ್ತಾ ಅತ್ತುಬಿಟ್ಟೆ.

ಆ ಕಡೆ ಅವರೂ ಅಳುತ್ತಿದ್ದರು. "ಯಾಕ ಇರ್ಬೇಕಿತ್ತು ಮಂಜಕ್ಕ?" ಎಂದರು. "ನಾನಿಲ್ದೆನೇ ಆತಲ್ಲ."