ಸಾವಿಗೆ ಬೇಡವಾಗಲೆಂದು ಇಟ್ಟ ಹೆಸರು

ಪಕ್ಕದ ಮನೆಯ ನರಸಮ್ಮ ತನ್ನ ಹಸುಗೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಹಿಂದೆ ಸರಿದು ನಿಂತಳು. ಕೂಸು ಕಿರುಚುತ್ತಿತ್ತು. ಶಿರಾದಿಂದ ಪಾವಗಡದ ಸೀಮೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ನಾನು ಗಾಬರಿಯಿಂದ ಓಡಿಹೋಗಿ ಎತ್ತಿಕೊಂಡೆ.

“ಒಳ್ಳೇದಾಯ್ತು ಕಣಮ್ಮ. ತಿಪ್ಪೇಲಿ ಸಿಕ್ಕಿದ್ದನ್ನ ನಂಗೆ ಕೊಟ್ಬುಡು, ಸಾಕ್ಕೊಂತೀನಿ,” ಎಂದಳು ನರಸಮ್ಮ.

ಅವಳ ಹಿಂದಿನ ಮೂರು ಮಕ್ಕಳೂ ಹಾಲು ಕುಡಿಯುವ ವಯಸ್ಸಿನಲ್ಲೇ ತೀರಿಕೊಂಡಿದ್ದವು. ಕಸವೆಂದು ಕರೆದರೆ ಸಾವು ಇತ್ತ ತಿರುಗಿ ನೋಡುವುದಿಲ್ಲವೆಂದು ನಂಬಿ, ಈ ಹೆಣ್ಣುಕೂಸಿಗೆ ಪೆಂಟಮ್ಮ ಎಂದು ಹೆಸರಿಟ್ಟರು. ಪೆಂಟ ಎಂದರೆ ಅಲ್ಲಿನ ತೆಲುಗಿನಲ್ಲಿ ತಿಪ್ಪೆ. ನಮ್ಮ ಶಿರಾ ಕಡೆ ಇಂಥ ಮಕ್ಕಳನ್ನು ತಿಪ್ಪಮ್ಮ, ತಿಪ್ಪಯ್ಯ ಎನ್ನುತ್ತಾರೆ. ನರಸಮ್ಮ ಯಾರೆದುರೂ ಮಗಳನ್ನು ಮುದ್ದಿಸುತ್ತಿರಲಿಲ್ಲ.

ಮಗು ಅಂಬೆಗಾಲಿಡುವ ಹೊತ್ತಿಗೆ ಊರಿಗೆ ಸಿಡುಬು ಬಂತು. ಮಗುವಿಗೂ ತಗುಲಿತು. ಅದರ ಉಸಿರು ನಿಂತಾಗ ನಾನು ಅಲ್ಲೇ ಕೂತಿದ್ದೆ. ನರಸಮ್ಮ ಅಳಲಿಲ್ಲ. ಮಗುವಿನ ಕಿವಿಯ ಬಳಿ ಬಾಗಿ, “ಬಂಗಾರಿ, ನನ್ ಬಂಗಾರಿ,” ಎಂದಳು. ಆಮೇಲೆ ನನ್ನ ಕಡೆ ನೋಡಿ, “ಇನ್ಮೇಲೆ ಇಂಗೆ ಕರೀಬೋದಲ್ವೇನಮ್ಮ?” ಎಂದು ಕೇಳಿದಳು.

ಮುಂದೆ ನನಗೆ ಮಗಳು ಹುಟ್ಟಿದಾಗ ಅತ್ತೆ ಏನು ಹೆಸರಿಡೋಣವೆಂದು ಕೇಳಿದರು. ಚೆಂದದ ಹೆಸರೊಂದು ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ.